ವೇದಗಿರಿ ಹಿರಣ್ಯನನ್ನು ನಾನು ಯಾಕೆ ಕರೆಯಲಿಲ್ಲ

ಎಲ್ಲರಿಗೂ ಕೈ ಮುಗೀತೀನಿ. ಮುಂದಿನ ಸಾಲಲ್ಲಿ ಕೂತಿರೋ ಪಚ್ಚೈಯಮ್ಮಾಳ್ ಅತ್ತಿಗೆಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ, ನಮ್ಮ ಮೇಳದ ಗುರು ವೇದಗಿರಿ ವಾಧ್ಯಾರ್ರ ಪಟದ ಮೇಲಿನ ಪರದೆ ಈಗಷ್ಟೇ ಸರಿಸಿದ ಪಂಚಾಯಿತಿ ಅಧ್ಯಕ್ಷರಿಗೆ, ಕಾಂಚೀಪುರ, ಚೆಯ್ಯಾರು ಕಡೆಯಿಂದ ಬಸ್ಸು ಹಿಡಿದು ಬಂದಿರೋ ಬೇರೆ ಬೇರೆ ಮೇಳದ ಕಲಾವಿದರಿಗೆ, ನಮ್ಮೂರ ತಾಯಂದಿರಿಗೆ, ಅಣ್ಣತಮ್ಮಂದಿರಿಗೆ — ಎಲ್ಲರಿಗೂ. ಬಿಸಿಲಲ್ಲಿ ನಿಲ್ಲಬೇಡಿ, ಪೆಂಡಾಲು ಹಿಂದಕ್ಕೂ ಇದೆ. ಒತ್ತಿಕೊಂಡು ಕೂತ್ಕೊಳ್ಳಿ. ವಾಧ್ಯಾರ್ರ ಆಟಕ್ಕೆ ನೀವು ಯಾವತ್ತು ಜಾಗ ಬಿಟ್ಕೊಂಡು ಕೂತಿದ್ರಿ?

ಅಧ್ಯಕ್ಷರು ಐದು ನಿಮಿಷ ಮಾತಾಡಿ ಅಂದಿದಾರೆ. ಅಧ್ಯಕ್ಷರೇ, ನಾನು ಆಟದಲ್ಲಿ ಹಿರಣ್ಯನ ರಾಣಿ ಲೀಲಾವತಿ ಪಾತ್ರ ಮಾಡೋನು. ಐದು ನಿಮಿಷ ನನಗೆ ಸೆರಗು ಸರಿ ಮಾಡ್ಕೊಳ್ಳೋಕೇ ಬೇಕು. ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ದೊಡ್ಡ ಮನಸ್ಸು ಮಾಡಬೇಕು. ಇನ್ನೊಂದು ಮಾತು — ಬೆಳಗಿನಿಂದ ನನ್ನ ಮೈಯಲ್ಲಿ ಒಂಥರಾ ಹುರುಪು. ಬಣ್ಣ ಹಚ್ಚೋ ದಿನ ಬರುತ್ತಲ್ಲ, ಆ ಹುರುಪು. ಸಾವಿನ ಸಭೆಯಲ್ಲಿ ಹುರುಪೇನಯ್ಯ ಅಂತ ಬೈಬೇಡಿ. ಈ ಮನುಷ್ಯನ ಬಗ್ಗೆ ತಣ್ಣಗೆ ಮಾತಾಡೋದು ನನ್ನ ಕೈಲಿ ಆಗಲ್ಲ.

ನಿಮ್ಮ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ಗೊತ್ತು. ವಾಧ್ಯಾರ್ರು ಹೋದಾಗಿನಿಂದ, ಹದಿನಾರು ದಿನದಿಂದ, ಟೀ ಅಂಗಡಿಯಲ್ಲಿ ಅದೇ ಮಾತು, ನಲ್ಲಿ ಹತ್ರ ಅದೇ ಮಾತು. "ಈ ಪೂಂಗಾವನಂ ಆವತ್ತು ಯಾಕೆ ಬಾಯಿ ಬಿಡಲಿಲ್ಲ? ವರ್ಷ ವರ್ಷ ಹಿರಣ್ಯನನ್ನ ಕರೆದು ಎಬ್ಬಿಸಿದೋನು, ನಿಜವಾದ ಹೆಣದ ಮುಂದೆ ಯಾಕೆ ಮೂಕನ ಹಾಗೆ ನಿಂತ?" — ಇದೇ ತಾನೇ? ತಲೆ ಆಡಿಸ್ತಾ ಇದೀರಿ. ಅತ್ತಿಗೆ ಆವತ್ತಿನಿಂದ ನನ್ನ ಜೊತೆ ಒಂದು ಮಾತು ಆಡಿಲ್ಲ. ಈಗಲೂ ನೋಡಿ, ಮುಖ ಆ ಕಡೆ ಇದೆ. ಉತ್ತರ ಹೇಳೋಕೇ ನಾನು ಎದ್ದು ನಿಂತಿರೋದು. ಕೇಳಿದ ಮೇಲೆ ಊಟಕ್ಕೆ ಕರೀತೀರೋ ಊರು ಬಿಟ್ಟು ಓಡಿಸ್ತೀರೋ, ನಿಮಗೆ ಬಿಟ್ಟಿದ್ದು.

ಹೊರಗಿನಿಂದ ಬಂದಿರೋ ಕಲಾವಿದರಿಗೆ ನಮ್ಮೂರ ಪದ್ಧತಿ ಪೂರ್ತಿ ಗೊತ್ತಿರಲಿಕ್ಕಿಲ್ಲ, ಅವರಿಗೋಸ್ಕರ ಎರಡು ಮಾತು. ನಿಮ್ಮೂರುಗಳಲ್ಲಿ ಹಿರಣ್ಯನ ಆಟ ಅಂದ್ರೆ ಏನು? ಕಂಬ ಒಡೀತು, ನರಸಿಂಹ ಬಂದ, ಹೊಸ್ತಿಲ ಮೇಲೆ ಕೂತ, ಹೊಟ್ಟೆ ಸೀಳಿದ, ಮಂಗಳ ಹಾಡಿದ್ರು, ಮುಗೀತು. ನಮ್ಮೂರಲ್ಲಿ ಅಲ್ಲಿಗೆ ಮುಗಿಯಲ್ಲ. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು ಅಂತ, ಪೂರ್ವ ಕೆಂಪಾಗೋವಾಗ ನಾವು ಅವನನ್ನ ಕೊಲ್ಲೋದು. ಕೊಂದ ಮೇಲೆ ಹೆಣದ ಮೇಲೆ ಹಳದಿ ಬಟ್ಟೆ ಹೊದಿಸ್ತೀವಿ. ರಾಣಿ — ಅಂದ್ರೆ ನಾನು — ಮೇಲೆ ಬಿದ್ದು ಅಳ್ತೀನಿ. ಊರಿನ ಹೆಂಗಸರೆಲ್ಲ ನನ್ನ ಜೊತೆ ಅಳ್ತಾರೆ. ಸೂರ್ಯ ಕಾಣಿಸಿಕೊಂಡ ಮೇಲೆ ಅರಿಶಿನದ ನೀರು ಚಿಮುಕಿಸಿ ಮೂರು ಸಲ ಕರೀತೀನಿ. "ರಾಜಾ, ಬೆಳಗಾಯ್ತು, ಏಳು." ಮೂರನೇ ಕರೆಗೆ ಹಿರಣ್ಯ ಎದ್ದು ಕೂತು, ಒಂದು ಚೊಂಬು ಮಜ್ಜಿಗೆ ಕುಡಿದು, ಮೀಸೆ ಒರೆಸ್ಕೊಂಡು ಮನೆಗೆ ಹೋಗ್ತಾನೆ.

ಹಾಗೆ ಸತ್ತು ಎದ್ದೋನನ್ನ ಆ ವರ್ಷ ಯಮ ಮುಟ್ಟಲ್ಲ. ಇದು ನಮ್ಮೂರ ನಂಬಿಕೆ. ಒಂದು ಸಲ ಬಂದು ಹೋದ ಮನೆಗೆ ಅದೇ ವರ್ಷ ಮತ್ತೆ ಯಾಕೆ ಬರ್ತಾನೆ? ಮುಂದಿನ ಚಿತ್ತಿರೈ ತಿಂಗಳ ಆಟದ ತನಕ ಅವನಿಗೆ ಸಾವಿಲ್ಲ. ಮತ್ತೆ ಸಾಯಿ, ಮತ್ತೆ ಏಳು, ಮತ್ತೆ ಒಂದು ವರ್ಷ. ಕಿರೀಟ ತಲೆ ಮೇಲೆ ಇರೋ ತನಕ ಹೀಗೇ. ಆ ಕಿರೀಟವನ್ನ ಬೇರೆ ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಇಟ್ಕೊಂಡೋನೇ ತನ್ನ ಕೈಯಾರೆ ತೆಗೆದು ಇನ್ನೊಬ್ಬನ ತಲೆಗೆ ಇಡಬೇಕು. ವೇದಗಿರಿ ಅಣ್ಣನ ಗುರುಗಳು ಹಲ್ಲೆಲ್ಲ ಉದುರಿ, ಕಣ್ಣು ಮಬ್ಬಾಗಿ, ಇನ್ನು ಸಾಕು ಅಂತ ಅಣ್ಣನಿಗೆ ಕಿರೀಟ ಕೊಟ್ರು. ಆ ವರ್ಷ ದಾಟಲಿಲ್ಲ. ಅವರಿಗೆ ಕೊಟ್ಟವರ ಕತೆಯೂ ಅದೇ ಅಂತೆ. ಹಾಗಾಗಿ ನಮ್ಮೂರಲ್ಲಿ ಹಿರಣ್ಯನ ಕಿರೀಟ ಅಂದ್ರೆ ಬರೀ ಮರದ ಕಿರೀಟ ಅಲ್ಲ. ಕಾಂಚೀಪುರದವರು ನಗ್ತಾ ಇದೀರಿ. ನಗಿ, ನಗಿ. ನಮ್ಮೂರಿಗೆ ಮದುವೆಯಾಗಿ ಬಂದ ಎಲ್ಲ ಸೊಸೆಯಂದಿರೂ ಮೊದಲ ವರ್ಷ ನಕ್ಕಿದಾರೆ.

ಈಗ ನಮ್ಮ ಅಣ್ಣನ ವಿಚಾರಕ್ಕೆ ಬರ್ತೀನಿ.

ಈ ಪಟ ನೋಡಿ. ಭುಜಕೀರ್ತಿ, ಕೆಂಪು ಬಣ್ಣ, ಆ ಮೀಸೆ. ಪಟದಲ್ಲೂ ಇಳಿಯೋಕೆ ಸಿದ್ಧವಾಗಿರೋ ಹಾಗೆ ನೋಡ್ತಾ ಇದಾರೆ. ಬದುಕೋದು ಅಂದ್ರೆ ಈ ಮನುಷ್ಯನಿಗೆ ಎಂಥ ಆಸೆ ಗೊತ್ತಾ? ನಮಗೆಲ್ಲ ಬದುಕು ಅಭ್ಯಾಸ ಆಗಿಬಿಟ್ಟಿರುತ್ತೆ. ಅಣ್ಣನಿಗೆ ಅದು ದಿನಾ ಬೆಳಿಗ್ಗೆ ಹೊಸದು. ಟೀ ಕೊಟ್ರೆ ಮೊದಲ ಗುಟುಕಿಗೆ ಕಣ್ಣು ಮುಚ್ಕೊಳ್ಳೋರು. "ಏನಣ್ಣ, ಅದೇ ಟೀ ತಾನೇ" ಅಂದ್ರೆ, "ಅದೇ ಟೀ ಅಂತ ಯಾರು ಹೇಳಿದ್ರೋ ನಿನಗೆ? ನಿನ್ನೇದು ನಿನ್ನೆ ಆಯ್ತು" ಅನ್ನೋರು.

ಬ್ರಹ್ಮನ ಹತ್ರ ವರ ಕೇಳೋ ದೃಶ್ಯ ನೆನಪಿದೆಯಾ ನಿಮಗೆ? ಬೇರೆ ಹಿರಣ್ಯರೆಲ್ಲ ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಒಳಗೆ ಬೇಡ, ಹೊರಗೆ ಬೇಡ ಅಂತ ಹೇಳಿ ಮುಗಿಸ್ತಾರೆ. ನಮ್ಮ ಅಣ್ಣ? ಹೀಗೆ — ಒಂಟಿ ಕಾಲಲ್ಲಿ ನಿಂತು, ಕೈ ಹೀಗೆ ಮೇಲೆತ್ತಿ — ಶುರು ಮಾಡೋರು. "ಚೆಯ್ಯಾರಿನ ಬಸ್ಸಿನಿಂದ ಸಾವು ಬೇಡ. ಪಂಚಾಯಿತಿ ರಸ್ತೆ ಗುಂಡಿಯಿಂದ ಸಾವು ಬೇಡ. ಮನೆಯಲ್ಲಿ ಪಚ್ಚೈಯಮ್ಮಾಳ್ ಮಾಡೋ ಕರುವಾಡು, ಅಂದ್ರೆ ಒಣಮೀನಿನ ಸಾರಿನಿಂದ ಸಾವು ಬೇಡ." ಜನ ಬಿದ್ದು ಬಿದ್ದು ನಗೋರು. ಬ್ರಹ್ಮನ ಪಾತ್ರದೋನಿಗೂ ನಗು ತಡೆಯೋಕಾಗದೆ ಮುಖ ಆಚೆ ತಿರುಗಿಸ್ಕೊಳ್ಳೋನು. ಅತ್ತಿಗೆ ಮುಂದೆ ಕೂತು, "ಮನೆಗೆ ಬಾ, ಅದರಿಂದಲೇ ಕೊಲ್ತೀನಿ" ಅಂತ ಕೂಗೋರು. ಮಾರನೇ ದಿನ ಅದೇ ಕರುವಾಡು ಸಾರು, ಎರಡು ಸಲ ಬಡಿಸ್ಕೊಂಡು ತಿನ್ನೋರು.

ಎಂಬತ್ತು ದಾಟಿದ ಮೇಲೆ ಒಂದು ದಿನ ಕೆರೆ ಏರಿ ಮೇಲೆ ಗುಂಡಿ ತೋಡ್ತಾ ಇದ್ರು. ಏನಣ್ಣ ಅಂದೆ. ತಾಳೆ ಬೀಜ ಅಂದ್ರು. ನಿಮಗೆಲ್ಲ ಗೊತ್ತು, ತಾಳೆ ಮರ ಇವತ್ತು ಊರಿ ನಾಳೆ ಫಲ ಕೊಡೋದಲ್ಲ, ಒಂದು ತಲೆಮಾರು ಕಾಯಬೇಕು. ದಾರಿಯಲ್ಲಿ ಹೋಗೋರೆಲ್ಲ ನಿಂತು, "ವಾಧ್ಯಾರೇ, ಇದರ ತಾಟಿನುಂಗು ಯಾರಿಗೆ?" ಅಂತ ಕೇಳೋರು. ಎಲ್ಲ ದೊಡ್ಡವರೂ ಏನು ಹೇಳ್ತಾರೆ? ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಅಂತಾರೆ. ಅಣ್ಣ ಗುದ್ದಲಿ ಕೆಳಗಿಟ್ಟು, ಕೇಳಿದೋನನ್ನ ಮೇಲಿಂದ ಕೆಳಗೆ ನೋಡಿ, "ಯಾರಿಗೆ ಅಂದ್ರೆ? ನನಗೆ" ಅಂದ್ರು. ತಮಾಷೆ ಅಲ್ಲ, ನಿಜವಾಗಲೂ. ತಿನ್ನೋ ದಿನ ಬಂದಾಗ ಹಲ್ಲಿರಲ್ಲವಲ್ಲ ಅಂತ ಒಬ್ಬ ಕೀಟಲೆ ಮಾಡಿದ. "ತಾಟಿನುಂಗಿಗೆ ಹಲ್ಲು ಯಾಕೋ ದಡ್ಡ, ಅದಕ್ಕೇ ತಾನೇ ಅದನ್ನ ಆರಿಸಿಕೊಂಡಿದ್ದು" ಅಂದ್ರು. ಅಷ್ಟು ಯೋಚನೆ ಮಾಡಿದ್ರು.

ಸಾವಿಲ್ಲದೋನು ಅಂದ್ರೆ ಎಷ್ಟು ಚೆಂದ ಅಂತ ನಾನು ಆ ಮನುಷ್ಯನನ್ನ ನೋಡಿ ತಿಳ್ಕೊಂಡೆ. ನಿಧಾನ ಇತ್ತು. ಅವಸರ ಅನ್ನೋದೇ ಇರಲಿಲ್ಲ. ಜಗಳ ಮಾಡಿದ್ರೆ, "ಇರ್ಲಿ ಬಿಡು, ಇನ್ನು ಹತ್ತು ವರ್ಷ ಬಿಟ್ಟು ರಾಜಿ ಆಗೋಣ" ಅನ್ನೋರು. ಹೊಸ ಹುಡುಗನಿಗೆ ಹೆಜ್ಜೆ ಕಲಿಸೋವಾಗ, "ಬರಲಿಲ್ವಾ? ಪರವಾಗಿಲ್ಲ, ನಾನು ಎಲ್ಲಿಗೂ ಹೋಗಲ್ಲ" ಅನ್ನೋರು. ಆ ಒಂದು ಮಾತಿಗೆ ಎಷ್ಟು ಹುಡುಗರು ಕಲಿತ್ರು. ನಾನೂ ಹಾಗೇ ಕಲಿತಿದ್ದು.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅವರ ಹೆಂಡತಿ. ನಗಬೇಡಿ. ಅತ್ತಿಗೆ ನನ್ನನ್ನ ಕರೀತಾ ಇದ್ದದ್ದೇ ಸವತಿ ಅಂತ. ಆಟ ಮುಗಿಸಿ ಅವರ ಮನೆಗೆ ಹೋದ್ರೆ, "ಬಾರೇ ಸವತಿ, ನೀನು ಅತ್ತು ಅತ್ತು ಸುಸ್ತಾಗಿರ್ತೀಯ, ಮೊದಲು ಗಂಜಿ ಕುಡಿ. ನಿನ್ನ ಗಂಡ ಸತ್ತು ಬಂದಿದಾನಲ್ಲ, ಅವನಿಗೆ ಆಮೇಲೆ" ಅನ್ನೋರು. ನನ್ನ ಹೆಂಡತಿ ತೀರಿಹೋದ ಮೇಲೆ ಆ ಮನೆಯಲ್ಲೇ ನಾನು ಊಟ ಮಾಡಿದ್ದು ಹೆಚ್ಚು. ಆ ಸವತಿ ಅನ್ನೋ ಮಾತನ್ನ ನಾನು ಈಗ ಹದಿನಾರು ದಿನದಿಂದ ಕೇಳಿಲ್ಲ. ಇರಲಿ.

ಇನ್ನು — ಇದರ ಇನ್ನೊಂದು ಮುಖ.

ಒಂದು ಸಲ ಇಬ್ಬರೂ ಬಣ್ಣ ಹಚ್ಕೊಳ್ತಾ ಕೂತಿದ್ವಿ. ನಮ್ಮ ಈಗಿನ ನರಸಿಂಹ, ಇದೋ ಇಲ್ಲಿ ಕೂತಿದಾನಲ್ಲ ತನಿಕಾಚಲಂ, ಆವತ್ತು ಮೊದಲ ಸಲ ಮುಖವಾಡ ಹೊರ್ತಾ ಇದ್ದ. ಅವನ ಅಪ್ಪ ನರಸಿಂಹ ಆಗಿದ್ದೋನು, ಹಿಂದಿನ ವರ್ಷ ಹೋಗಿಬಿಟ್ಟಿದ್ದ. ಹುಡುಗ ಬಂದು ಅಣ್ಣನ ಕಾಲಿಗೆ ಬಿದ್ದು, "ತಾತಾ, ನಿಮ್ಮನ್ನ ಸಾಯಿಸೋಕೆ ಅಪ್ಪಣೆ ಕೊಡಿ" ಅಂದ. ಅಣ್ಣ ಆಶೀರ್ವಾದ ಮಾಡಿ ಕಳಿಸಿದ್ರು. ಆಮೇಲೆ ಕನ್ನಡಿ ನೋಡ್ತಾನೇ ಕೂತ್ರು. ಕೈಯಲ್ಲಿ ಬಣ್ಣದ ಕಡ್ಡಿ ಹಾಗೇ ಇದೆ.

"ಲೋ ಪೂಂಗಾವನಂ" ಅಂದ್ರು. "ನನ್ನನ್ನ ಕೊಂದವರೆಲ್ಲ ಸತ್ತುಹೋದ್ರು ಕಣೋ."

ನನಗೆ ನಗು ಬಂತು. ನಕ್ಕೂಬಿಟ್ಟೆ. ಅವರು ನಗಲಿಲ್ಲ. ಒಬ್ಬೊಬ್ಬರ ಹೆಸರೇ ಹೇಳಿದ್ರು. ಮೊದಲನೇ ನರಸಿಂಹ ಅವರ ಭಾವಮೈದ. ಜೊತೆಯಲ್ಲಿ ಕಳ್ಳು ಕುಡಿದೋನು, ಜೊತೆಯಲ್ಲಿ ಏಟು ತಿಂದೋನು. ಎರಡನೆಯವನು ಶಾಲೆಯಲ್ಲಿ ಪಕ್ಕದಲ್ಲಿ ಕೂತೋನು. ಮೂರನೆಯವನು ಅವರೇ ಎತ್ತಿ ಆಡಿಸಿದ ಹುಡುಗ. ನಾಲ್ಕನೆಯವನು ಈ ತನಿಕಾಚಲಂ ಅಪ್ಪ. "ಎಲ್ಲರೂ ನನ್ನನ್ನ ತೊಡೆ ಮೇಲೆ ಹಾಕ್ಕೊಂಡು ಹೊಟ್ಟೆ ಸೀಳಿದೋರು. ಎಲ್ಲರ ಚಟ್ಟಕ್ಕೂ ನಾನೇ ಹೆಗಲು ಕೊಟ್ಟೆ. ಈಗ ಈ ಮಗು ಬಂದಿದೆ. ಇದಕ್ಕೂ ನಾನೇ ಹೆಗಲು ಕೊಡಬೇಕಾ?"

ನಾನು ಏನೋ ಸಮಾಧಾನ ಹೇಳೋಕೆ ಹೋದೆ. ಕೈ ಎತ್ತಿ ತಡೆದ್ರು. "ನನ್ನನ್ನ ಲೋ ಅಂತ ಕರೆಯೋರು ಒಬ್ಬರೂ ಉಳಿದಿಲ್ಲ, ಗೊತ್ತಾ ನಿನಗೆ? ಎಲ್ಲರೂ ತಾತ, ವಾಧ್ಯಾರ್ರು, ಅಯ್ಯ. ನಾನು ಚಿಕ್ಕೋನಾಗಿದ್ದಾಗ ಮರದಿಂದ ಬಿದ್ದದ್ದನ್ನ ನೋಡಿದೋರು ಯಾರಿದಾರೆ? ನಾನು ಹೇಳಿದ್ರೆ ಹೌದಾ ತಾತ ಅಂತಾರೆ. ನಾನು ಸುಳ್ಳು ಹೇಳ್ತಾ ಇದೀನಿ ಅನ್ನೋಕಾದ್ರೂ ಒಬ್ಬ ಬೇಡ್ವಾ?" ಹಾಗಂದು ಮೀಸೆ ಬಿಗಿ ಮಾಡ್ಕೊಂಡು, ಎದ್ದು ಹೋಗಿ, ಆವತ್ತು ಹಾಕಿದ ಗರ್ಜನೆ ಇದೆಯಲ್ಲ — ಮೈಕು ಇಲ್ಲದೆ ಪಕ್ಕದ ಊರಿಗೆ ಕೇಳಿಸ್ತಂತೆ. ಆ ಗರ್ಜನೆ ಕೇಳಿದೋರು ಇಲ್ಲಿ ಸುಮಾರು ಜನ ಇದೀರಿ. ಅದರ ಹಿಂದೆ ಏನಿತ್ತು ಅಂತ ಇವತ್ತು ಹೇಳ್ತಾ ಇದೀನಿ.

ಹಾಗಾದ್ರೆ ಕಿರೀಟ ಕೊಟ್ಟುಬಿಡಬಹುದಿತ್ತಲ್ಲ? ಕೊಡ್ತಾ ಇರಲಿಲ್ಲ. ಯಾರಾದ್ರೂ ಆ ಕಡೆ ಕಣ್ಣು ಹಾಯಿಸಿದ್ರೂ ಸಾಕು, ಎರಡೂ ಕೈಯಲ್ಲಿ ಹೀಗೆ ಹಿಡ್ಕೊಳ್ಳೋರು. ಮುಂದಿನ ಮಾವಿನಕಾಯಿ ಕಾಲ ನೋಡಬೇಕು, ತಾಳೆ ಮರಕ್ಕೆ ಎಷ್ಟು ಗರಿ ಬಂತು ನೋಡಬೇಕು, ಮೊಮ್ಮಗಳ ಹೆರಿಗೆ ಆಗಬೇಕು. ಸಾಕು ಅನ್ನೋ ಬಾಯಿಯಲ್ಲೇ ಇನ್ನೊಂದು ವರ್ಷ ಅನ್ನೋರು. ಎರಡೂ ನಿಜ. ಅಣ್ಣ ಎರಡನ್ನೂ ಒಟ್ಟಿಗೆ ಅನುಭವಿಸಿದ್ರು.

ಈಗ ಹೋದ ವರ್ಷಕ್ಕೆ ಬರ್ತೀನಿ. ನನಗೆ ಎದೆ ನೋವು ಬಂತು. ವೆಲ್ಲೂರಿನ ಡಾಕ್ಟರು ನೋಡಿ, ಎದೆ ತೆರೆದು ಸರಿ ಮಾಡಬೇಕು, ತಡ ಮಾಡಬೇಡ ಅಂದ್ರು. ನಾನು ಬಾತ್‌ರೂಮಿಗೆ ಹೋಗ್ತೀನಿ ಅಂತ ಹೇಳಿ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟೆ. ಹೌದು, ಓಡಿ ಬಂದೆ. ವರ್ಷ ವರ್ಷ ಹೊಟ್ಟೆ ಸೀಳೋದನ್ನ ಪಕ್ಕದಲ್ಲಿ ನಿಂತು ನೋಡಿದೋನು ನಾನು, ನನ್ನದನ್ನ ಸೀಳ್ತಾರೆ ಅಂದ ತಕ್ಷಣ ಕಾಲು ನಿಲ್ಲಲಿಲ್ಲ. ಮನೆಯಲ್ಲಿ ಬಾಗಿಲು ಹಾಕ್ಕೊಂಡು ಮಲಗಿಬಿಟ್ಟೆ. ಆಪರೇಷನ್ ಮಾಡಿಸ್ಕೊಂಡ್ರೂ ಸಾಯ್ತೀನಿ, ಮಾಡಿಸ್ಕೊಳ್ಳದಿದ್ರೂ ಸಾಯ್ತೀನಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ.

ಆವತ್ತು ಅಣ್ಣನ ಮನೆಯಲ್ಲಿ ಏನಾಯ್ತು ಅಂತ ಅಣ್ಣನೇ ನನಗೆ ಆಮೇಲೆ ಹೇಳಿದ್ರು. ಅತ್ತಿಗೆ, ಕ್ಷಮಿಸಿ, ಇದನ್ನ ನಾಲ್ಕು ಜನರ ಮುಂದೆ ಹೇಳ್ತಾ ಇದೀನಿ. ಅಣ್ಣ ಅಟ್ಟದಿಂದ ಕಿರೀಟ ಇಳಿಸಿದ್ರು. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತ್ರು. "ಎಲ್ಲಿಗೆ?" "ಪೂಂಗಾವನಂ ಮನೆಗೆ." "ಆ ಕಿರೀಟ ಈ ಹೊಸ್ತಿಲು ದಾಟಿದ್ರೆ ನನ್ನ ತಾಳಿ ದಾಟಿದ ಹಾಗೆ. ಗೊತ್ತು ತಾನೇ?" ಅಂದ್ರಂತೆ. ಅಣ್ಣ ಏನೂ ವಾದ ಮಾಡಲಿಲ್ಲ. "ನಿನ್ನ ಸವತಿ ಸಾಯ್ತಾ ಇದಾಳೆ ಕಣೇ" ಅಂದ್ರಂತೆ, ಅಷ್ಟೇ. ಅತ್ತಿಗೆ ಬಾಗಿಲು ಬಿಟ್ಟು ಒಳಗೆ ಹೋಗಿ, ತಮ್ಮ ಹಳೇ ಕೂರೈ ಸೀರೆ — ಮದುವೆ ಸೀರೆ — ತಂದು, ಕಿರೀಟಕ್ಕೆ ಅದನ್ನ ಸುತ್ತಿ, ತಮ್ಮ ಕೈಯಾರೆ ಅಣ್ಣನ ಕೈಗೆ ಕೊಟ್ರು.

ಕೇಳಿಸ್ಕೊಂಡ್ರಾ? ಅಣ್ಣ ಒಬ್ಬರೇ ಕೊಟ್ಟದ್ದಲ್ಲ. ಅವರು ಕೊಟ್ಟದ್ದು ತಮ್ಮ ಉಳಿದ ವರ್ಷ. ಅತ್ತಿಗೆ ಕೊಟ್ಟದ್ದು ತಮ್ಮ ಕುಂಕುಮ. ಇವರಿಗೆ ನನ್ನ ಮೇಲೆ ಸಿಟ್ಟು ಮಾಡೋ ಹಕ್ಕು ಇಲ್ಲ ಅಂತ ಯಾವನಾದ್ರೂ ಹೇಳಿದ್ರೆ ನಾನೇ ಅವನಿಗೆ ಎರಡು ಬಿಡ್ತೀನಿ.

ಅಣ್ಣ ನನ್ನ ಬಾಗಿಲು ಒದ್ದು ಒಳಗೆ ಬಂದ್ರು. ನಾನು ಚಾಪೆ ಮೇಲೆ ಇದೀನಿ. ಕಿರೀಟ ತೆಗೆದು ನನ್ನ ತಲೆಗೆ ಇಟ್ಟೇಬಿಟ್ರು. ಬೇಡ ಅಣ್ಣ ಅಂತ ಕೈ ಹಿಡ್ಕೊಂಡೆ. "ಬಾಯಿ ಮುಚ್ಚು. ಈ ಚಿತ್ತಿರೈ ನೀನು ಹಿರಣ್ಯ. ಸತ್ತು ಏಳ್ತೀಯ. ಎದ್ದ ಮೇಲೆ ನೆಟ್ಟಗೆ ವೆಲ್ಲೂರಿಗೆ ಹೋಗಿ ಮಲಗ್ತೀಯ. ಯಾವ ಡಾಕ್ಟರ ಕತ್ತಿ ಏನು ಮಾಡುತ್ತೆ ನೋಡೋಣ" ಅಂದ್ರು. ರಾಣಿ ಪಾತ್ರಕ್ಕೆ ಯಾರು ಅಣ್ಣ ಅಂದೆ. ಅವರು ನೆಟ್ಟಗೆ ಆಚೆ ಹೋಗಿ, ಕ್ಷೌರಿಕನ ಮುಂದೆ ಕೂತು, ಆ ಮೀಸೆ ಬೋಳಿಸ್ಕೊಂಡ್ರು. ಆ ಮೀಸೆ! ಊರೇ ಬಂದು ನೋಡ್ತು. ಎಂಬತ್ತೈದು ದಾಟಿದ ಮನುಷ್ಯ, ಮೀಸೆ ಇಲ್ಲದ ಆ ಮುಖ ನೋಡಿ ಅತ್ತಿಗೆ, "ಇದ್ಯಾರಪ್ಪ, ನಮ್ಮತ್ತೆ ಎದ್ದು ಬಂದ್ರಾ?" ಅಂದ್ರು.

ಆ ಆಟ ನೀವೆಲ್ಲ ನೋಡಿದೀರಿ. ನಾನು ವರ ಕೇಳೋವಾಗ, "ಡಾಕ್ಟರ ಕತ್ತಿಯಿಂದ ಸಾವು ಬೇಡ" ಅಂತ ಸೇರಿಸಿದೆ, ನೀವು ಚಪ್ಪಾಳೆ ಹೊಡೆದ್ರಿ. ಅಣ್ಣ ಹಸಿರು ಸೀರೆ ಉಟ್ಕೊಂಡು, ತುರುಬಿಗೆ ಮಲ್ಲಿಗೆ ಇಟ್ಕೊಂಡು ಬಂದ್ರು. ಏನು ನಡಿಗೆ, ಏನು ನಾಚಿಕೆ — ನನ್ನ ಒಂದೊಂದು ನಡೆಯನ್ನೂ ಕದ್ದಿಟ್ಕೊಂಡಿದ್ರು ಅಷ್ಟು ವರ್ಷ. ಸೆರಗು ಹೀಗೆ ಎಳೆಯೋದು, ಇದು ನಂದು. ಕತ್ತು ಕೊಂಕಿಸೋದು, ಇದೂ ನಂದು. ತನಿಕಾಚಲಂ ನನ್ನನ್ನ ಹೊಸ್ತಿಲ ಮೇಲೆ ಹಾಕ್ಕೊಂಡು ಸೀಳಿದ. ಹಳದಿ ಬಟ್ಟೆ ಬಿತ್ತು. ನಾನು ಮೊದಲ ಸಲ ಆ ಬಟ್ಟೆಯ ಕೆಳಗೆ ಮಲಗಿದ್ದೆ.

ಇಲ್ಲಿಯ ತನಕ ನಿಮಗೆ ಗೊತ್ತಿರೋದು. ಇನ್ನು ಮುಂದೆ ಹೇಳೋದು ನನಗೊಬ್ಬನಿಗೇ ಗೊತ್ತಿರೋದು.

ಅಣ್ಣ ಮೇಲೆ ಬಿದ್ದು ಅಳೋಕೆ ಶುರು ಮಾಡಿದ್ರು. ಎದೆ ಎದೆ ಬಡ್ಕೊಂಡು ಒಪ್ಪಾರಿ, ಸಾವಿನ ಹಾಡು, ಹಾಡ್ತಾ ಇದಾರೆ, ಹೆಂಗಸರೆಲ್ಲ ಗೋಳೋ ಅಂತ ಜೊತೆಗೆ ಸೇರಿದಾರೆ. ಆ ಗಲಾಟೆಯಲ್ಲಿ ಬಟ್ಟೆ ಮೇಲೆ ಬಾಯಿಟ್ಟು, ಹಾಡಿನ ಮಧ್ಯೆ ಮಧ್ಯೆ ನನ್ನ ಕಿವಿಯಲ್ಲಿ ಮಾತಾಡಿದ್ರು. "ಲೋ, ಹೆಂಗಿದೆ ಒಳಗೆ?" ಸೆಖೆ ಅಣ್ಣ ಅಂದೆ. "ಸುಮ್ನಿರು, ತಂಪಾಗುತ್ತೆ." ಒಂದು ಸಾಲು ಹಾಡಿದ್ರು. ಮತ್ತೆ, "ಎಷ್ಟೋ ವರ್ಷದಿಂದ ನಿನಗೆ ಹೇಳಬೇಕು ಅಂತ ಇದ್ದೆ. ಆ ಬಟ್ಟೆ ಕೆಳಗೆ ಮಲಗಿದಾಗ, ಅಲ್ಲಿ ಒಂದು ನೆಮ್ಮದಿ ಇದೆ. ಯಾರೂ ಏನೂ ಕೇಳಲ್ಲ. ನೀನು ಕರೆದಾಗೆಲ್ಲ ಇನ್ನೊಂಚೂರು ಬಿಡಬಾರದಾ ಅನ್ಸೋದು. ಎದ್ದು ಎದ್ದು ಸಾಕಾಗಿದೆ ಕಣೇ ರಾಣಿ."

ಮತ್ತೆ ಒಂದು ಸಾಲು. ಅವರ ಕಣ್ಣೀರು ಬಟ್ಟೆ ದಾಟಿ ನನ್ನ ಕೆನ್ನೆಗೆ ಬಿತ್ತು.

"ನಾಳೆ ನಿಜವಾಗಲೂ ನನ್ನ ಮೇಲೆ ಬಟ್ಟೆ ಹೊದಿಸ್ತಾರೆ. ಊರೆಲ್ಲ ನಿನ್ನನ್ನ ಕರಿ ಕರಿ ಅನ್ನುತ್ತೆ. ನನ್ನ ಹೆಂಡತಿಯೂ ಅಂತಾಳೆ. ಕರೀಬೇಡ. ನೀನು ಕರೆದ್ರೆ ನಾನು ಎದ್ದು ಬಂದುಬಿಡ್ತೀನಿ. ಮಜ್ಜಿಗೆ ಆಸೆಗಾದ್ರೂ ಬಂದುಬಿಡ್ತೀನಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಮಾತು ಕೊಡು."

ಹೆಣ ಹೇಗೆ ಮಾತು ಕೊಡುತ್ತೆ ಹೇಳಿ? ಬಟ್ಟೆ ಕೆಳಗೆ ಅವರ ಕೈ ಸಿಕ್ತು. ಗಟ್ಟಿಯಾಗಿ ಹಿಸುಕಿದೆ. ಆಮೇಲೆ ಅವರು ಎದ್ದು, ನೀರು ಚಿಮುಕಿಸಿ, ಮೂರು ಸಲ ಕರೆದ್ರು. ಆ ಕಂಠ ನೀವು ಕೇಳಿದೀರಿ. ಆ ಕರೆಗೆ ಕಲ್ಲೂ ಏಳ್ತಿತ್ತು. ನಾನು ಎದ್ದೆ. ಅಲ್ಲಿಂದ ವೆಲ್ಲೂರಿಗೆ ಹೋಗಿ ಎದೆ ತೆರೆಸಿಕೊಂಡೆ. ಡಾಕ್ಟರನ್ನ ಕೇಳಿದ್ರೆ ನನ್ನ ಕೆಲಸ ಅಂತಾರೆ. ಅವರದ್ದೂ ಹೌದು ಅಂತ ನಾನು ಒಪ್ತೀನಿ. ಇದೋ, ನಿಮ್ಮ ಮುಂದೆ ನಿಂತು ಗಂಟಲು ಹರ್ಕೊಳ್ತಾ ಇದೀನಿ.

ಅಣ್ಣ ಹೇಗೆ ಹೋದ್ರು ಅಂತ ನಿಮಗೆ ಗೊತ್ತು. ಮಧ್ಯಾಹ್ನ ಯಾರೋ ಈ ವರ್ಷದ ಮೊದಲ ತಾಟಿನುಂಗು ತಂದುಕೊಟ್ಟಿದ್ರು. ತಿಂದು, "ನನ್ನ ಮರದ್ದು ಇದಕ್ಕಿಂತ ರುಚಿಯಾಗಿರುತ್ತೆ" ಅಂತ ಅತ್ತಿಗೆಗೆ ಹೇಳಿ, ಜಗುಲಿ ಕಂಬಕ್ಕೆ ಒರಗಿದ್ರು. ಒಳಗೂ ಅಲ್ಲ, ಹೊರಗೂ ಅಲ್ಲ. ಅಲ್ಲೇ ಹೋದ್ರು.

ಹಳದಿ ಬಟ್ಟೆ ಹೊದಿಸಿದ್ರು. ಊರೆಲ್ಲ ಸೇರಿ, "ಪೂಂಗಾವನಂ, ಕರಿ, ಕರಿಯಯ್ಯ" ಅಂತ ಕೂಗಿದ್ರಿ. ಅತ್ತಿಗೆ ಅರಿಶಿನದ ನೀರಿನ ಚೊಂಬು ತಂದು ನನ್ನ ಕೈಗೆ ಇಟ್ರು. ಅವರ ಕಣ್ಣಲ್ಲಿ ಏನಿತ್ತು ಅಂತ ನಾನು ಹೇಳಲ್ಲ. ಕರೆಯೋದಕ್ಕೆ ನನಗೆ ಎಷ್ಟು ಆಸೆ ಆಯ್ತು ಗೊತ್ತಾ ಅತ್ತಿಗೆ? ನಾಲಿಗೆ ತುದಿಗೆ ಬಂದಿತ್ತು. ರಾಜಾ ಅನ್ನೋದರಲ್ಲಿ 'ರಾ' ಬಾಯಿಂದ ಆಚೆ ಬಂದೂಬಿಟ್ಟಿತ್ತು. ಅಷ್ಟು ವರ್ಷದ ಅಭ್ಯಾಸ. ಕರೆದಿದ್ರೆ ಎದ್ದೇಳ್ತಿದ್ರೋ ಇಲ್ವೋ, ನನಗೆ ಗೊತ್ತಿಲ್ಲ. ಎದ್ದೇಳ್ತಿದ್ರು ಅಂತಲೇ ನನ್ನ ನಂಬಿಕೆ. ಅದಕ್ಕೇ ಹಲ್ಲು ಕಚ್ಚಿ, ಚೊಂಬು ಕೆಳಗೆ ಇಟ್ಟೆ. ನೀವು ಕೊಟ್ಟ ಜೀವಕ್ಕೆ ನಾನು ತೀರಿಸಿದ್ದು ಅಷ್ಟೇ. ಬೇಕಾದ್ರೆ ಇನ್ನು ಹದಿನಾರು ವರ್ಷ ಮಾತಾಡಬೇಡಿ. ನಾನು ಇನ್ನೊಂದು ಸಲವೂ ಅದನ್ನೇ ಮಾಡ್ತೀನಿ.

ಕಿರೀಟ ನನ್ನ ಹತ್ರ ಇದೆ. ಬರೋ ಚಿತ್ತಿರೈಗೆ ಏನು ಮಾಡ್ತೀಯ ಅಂತ ಕೇಳ್ತಾ ಇದೀರಿ. ನಾನು ಸಂತ ಅಲ್ಲ. ಈ ವರ್ಷ ಕೊಡಲ್ಲ. ಎದೆ ಈಗ ತಾನೇ ಸರಿ ಹೋಗಿದೆ, ಊಟ ರುಚಿಸ್ತಾ ಇದೆ, ಕೆರೆ ಏರಿ ಮೇಲಿನ ತಾಳೆ ಗಿಡಕ್ಕೆ ನೀರು ಹಾಕಬೇಕು. ಇನ್ನೊಂದು ಸಲ ಸಾಯ್ತೀನಿ, ಇನ್ನೊಂದು ಸಲ ಏಳ್ತೀನಿ. ಆದ್ರೆ ತನಿಕಾಚಲಂ, ಕೇಳಪ್ಪ, ನಿನ್ನ ಚಟ್ಟಕ್ಕೆ ನಾನು ಹೆಗಲು ಕೊಡಲ್ಲ. ನನ್ನನ್ನ ಕೊಂದೋನು ನನಗಿಂತ ಹೆಚ್ಚು ವರ್ಷ ಬದುಕಬೇಕು. ಅದಕ್ಕೆ ಮುಂಚೆ, ಯಾರಿಗಾದ್ರೂ ಬೇಕಾದಾಗ, ಕಿರೀಟ ಕೊಟ್ಟು ಮಲಗ್ತೀನಿ. ಊರ ಮುಂದೆ ಹೇಳಿದೀನಿ, ಜ್ಞಾಪಕ ಇಟ್ಕೊಳ್ಳಿ.

ಪಟದ ಕೆಳಗೆ ಇವತ್ತೂ ಯಾರೋ ಅರಿಶಿನದ ನೀರಿನ ಚೊಂಬು ಇಟ್ಟಿದೀರಿ. ಯಾರು ಅಂತ ಕೇಳಲ್ಲ. ಇವತ್ತಾದ್ರೂ ಇವನು ಕರೀತಾನೇನೋ ಅನ್ನೋ ಆಸೆ, ನನಗೆ ಅರ್ಥ ಆಗುತ್ತೆ. ಕರೀಬೇಕಾ ಬೇಡ್ವಾ ಅಂತ ನಾನೊಬ್ಬನೇ ಇನ್ನು ಹೇಳೋದು ಬೇಡ. ಅತ್ತಿಗೆ ಹೇಳಲಿ. ಅತ್ತಿಗೆ, ನೀವು ಹೂಂ ಅಂದ್ರೆ ಕೊಟ್ಟ ಮಾತು ಮುರಿದು ಇಲ್ಲೇ ಈಗಲೇ ಕರೀತೀನಿ. ಹೇಳಿ —

ಮೈಕು ಕೊಡ್ರಪ್ಪ ಅವರಿಗೆ. ಬೇಡವಂತೆ. ತಡೀರಿ, ಎದ್ದೇಳ್ತಾ ಇದಾರೆ. ಚೊಂಬು ತಗೊಂಡ್ರು. ಏನು ಅತ್ತಿಗೆ? ಜೋರಾಗಿ ಹೇಳಿ —

ಹ್ಞಾಂ.

ಹಿಂದಿನವರಿಗೆ ಕೇಳಿಸಿಲ್ಲ, ನಾನೇ ಹೇಳ್ತೀನಿ. "ಮಲಗಲಿ ಬಿಡೇ, ಸವತಿ. ಈ ನೀರು ಅವನ ತಾಳೆ ಗಿಡಕ್ಕೆ ಹಾಕ್ತೀನಿ" ಅಂದ್ರು.

ಸವತಿ ಅಂದ್ರು. ಕೇಳಿಸ್ತಾ ನಿಮಗೆ?

ಸರಿ. ಇನ್ನು ನಾನು ಮಾತು ಮುಗಿಸ್ತೀನಿ. ಮುಖವೀಣೆಯವರು ವಾದ್ಯ ಕೆಳಗಿಡಿ. ಮಕ್ಕಳನ್ನ ಸುಮ್ಮನಿರಿಸಿ. ನಾನು ಮೂರು ಸಲ ಕರೆಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿಮಗೆಲ್ಲ ಗೊತ್ತು. ಅಷ್ಟು ಹೊತ್ತು ತಲೆ ತಗ್ಗಿಸಿ ನಿಲ್ಲೋಣ. ಯಾರೂ ಕರೀಬೇಡಿ, ಮನಸ್ಸಲ್ಲೂ ಕರೀಬೇಡಿ. ಅಣ್ಣನಿಗೆ ಕಿವಿ ಚುರುಕು.

ಬೆಳಗಾಗಿದೆ, ಏಳಿ. ಇವತ್ತು ನಾನು ಈ ಮಾತು ಹೇಳ್ತಾ ಇರೋದು ನಿಮಗೆ ಮಾತ್ರ. ಎಲ್ಲರೂ ಏಳಿ.